ಪೈಪು, ಟರ್ಬೈನು, ಹಡಗು: ನಾರ್ಡ್ ಸ್ಟ್ರೀಮ್ 2ಕ್ಕೆ ಬಿದ್ದ ನಿರ್ಬಂಧಗಳ ಕತೆ

ಇವತ್ತಿನ ಸಂಚಿಕೆ ಹುಟ್ಟಿದ್ದು ಒಬ್ಬ ಕೇಳುಗರ ಪತ್ರದಿಂದ. ಅವರು ಉಡುಪಿ ಕಡೆಯವರು. ಒಮಾನಿನಲ್ಲಿ ತೈಲ ಮತ್ತು ಅನಿಲದ ಪೈಪುಗಳ ವೆಲ್ಡಿಂಗ್ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡೋ ಕೆಲಸ ಅವರದು. ಅವರು ಕೇಳಿದ್ದು ಇಷ್ಟು: "ರಷ್ಯಾದಿಂದ ಜರ್ಮನಿಗೆ ಸಮುದ್ರದಡಿ ಹಾಕ್ತಿದ್ದ ಪೈಪ್‌ಲೈನಿನಲ್ಲಿ ನಮ್ಮಂಥ ಇನ್ಸ್‌ಪೆಕ್ಟರುಗಳಿಗೂ ಅಮೆರಿಕ ನಿರ್ಬಂಧ ಹಾಕಿತ್ತಂತೆ. ಪೈಪು ರಷ್ಯಾದ್ದು, ಸಮುದ್ರ ಯುರೋಪಿನದು, ಹಡಗು ಸ್ವಿಸ್ ಕಂಪನಿಯದು. ನಡುವೆ ಅಮೆರಿಕ ಎಲ್ಲಿಂದ ಬಂತು? ಹಾಗೆ ಮಾಡಿದ್ರಿಂದ ಆ ಪೈಪ್‌ಲೈನು ನಿಂತಿತಾ?"

ಮೊದಲೇ ಹೇಳಿಬಿಡ್ತೀವಿ, ನಾವು ಜೀವವಿಜ್ಞಾನದವರು. ರಾಜಕೀಯ ನಮ್ಮ ಪಾಠ ಅಲ್ಲ. ಆದ್ರೆ ಈ ವಿಷಯ ನಮ್ಮ ಮನೆ ಬಾಗಿಲಿಗೇ ಬಂದಿತ್ತು. ನಾವಿರೋದು ಜರ್ಮನಿಯಲ್ಲಿ. 2022ರ ಸೆಪ್ಟೆಂಬರಿನಿಂದ ಇಲ್ಲಿನ ಸರಕಾರಿ ಕಟ್ಟಡಗಳ ಕಚೇರಿಗಳನ್ನ 19 ಡಿಗ್ರಿಗಿಂತ ಹೆಚ್ಚು ಬಿಸಿ ಮಾಡಬಾರದು ಅಂತ ನಿಯಮ ಬಂತು. ಆ ಚಳಿಗಾಲ ನಾವು ಕೋಟು ಹಾಕ್ಕೊಂಡೇ ಪ್ರಬಂಧ ಬರೆದವರು. ಪಕ್ಕದ ಕೋಣೆಯಲ್ಲಿ ಮೈನಸ್ 80ರ ಫ್ರೀಜರು ಮಾತ್ರ ಎಂದಿನಂತೆ ಗುಂಯ್ ಅನ್ನುತ್ತಿತ್ತು. ಅಮ್ಮ ವಿಡಿಯೋ ಕಾಲಿನಲ್ಲಿ ನೋಡಿ, "ಇದೇನು, ಮನೆಯೊಳಗೂ ಟೋಪಿ?" ಅಂತ ಕೇಳಿದ್ರು. ಉತ್ತರ ಒಂದು ವಾಕ್ಯದಲ್ಲಿ ಹೇಳೋಕೆ ಆಗಲಿಲ್ಲ. ಇವತ್ತು ಸಮಾಧಾನವಾಗಿ ಹೇಳೋಣ.

ಮೊದಲು ವಸ್ತುವನ್ನ ನೋಡೋಣ. ನಾರ್ಡ್ ಸ್ಟ್ರೀಮ್ ಅಂದ್ರೆ ಬಾಲ್ಟಿಕ್ ಸಮುದ್ರದ ತಳದಲ್ಲಿ ಮಲಗಿರೋ ಅನಿಲದ ಕೊಳವೆಗಳು. ಮೊದಲನೆಯ ಯೋಜನೆಯಲ್ಲಿ ಎರಡು ಸಾಲು. 2011 ಮತ್ತು 2012ರಲ್ಲಿ ಶುರುವಾದವು. ನಾರ್ಡ್ ಸ್ಟ್ರೀಮ್ 2 ಅಂದ್ರೆ ಇನ್ನೆರಡು ಸಾಲು, ಒಂದೊಂದೂ ಸುಮಾರು 1,230 ಕಿಲೋಮೀಟರ್. ರಷ್ಯಾದ ಉಸ್ತ್-ಲುಗಾ ಹತ್ತಿರ ನೀರಿಗಿಳಿದು, ಜರ್ಮನಿಯ ಲುಬ್ಮಿನ್ ಅನ್ನೋ ಸಣ್ಣ ಊರಿನಲ್ಲಿ ದಡ ಹತ್ತುತ್ತವೆ. ವರ್ಷಕ್ಕೆ 5,500 ಕೋಟಿ ಘನ ಮೀಟರ್ ಅನಿಲ ಸಾಗಿಸೋ ಸಾಮರ್ಥ್ಯ, ಸುಮಾರು 950 ಕೋಟಿ ಯೂರೋ ಖರ್ಚು. ಒಂದೊಂದು ಪೈಪು 12 ಮೀಟರ್ ಉದ್ದ. ಮೇಲಿನ ಕಾಂಕ್ರೀಟ್ ಹೊದಿಕೆ ಸೇರಿದ್ರೆ ಸುಮಾರು 24 ಟನ್ ತೂಕ. ಇಂಥವು ಎರಡು ಲಕ್ಷ ಬೇಕು.

ಸಮುದ್ರದ ನಡುವೆ ಎಲ್ಲೂ ಪಂಪಿಂಗ್ ಸ್ಟೇಷನ್ ಇಲ್ಲ. ಹಾಗಾಗಿ ರಷ್ಯಾದ ದಡದಲ್ಲೇ 220 ಬಾರ್ ಒತ್ತಡದಲ್ಲಿ ಅನಿಲವನ್ನ ನೂಕಬೇಕು. ಕಾರಿನ ಟೈರಿನಲ್ಲಿ ಇರೋದು ಎರಡು ಬಾರ್ ಚಿಲ್ಲರೆ, ಅದರ ನೂರು ಪಟ್ಟು ಅಂದ್ಕೊಳ್ಳಿ. ಅಂಥ ಒತ್ತಡದಲ್ಲಿ ಒಂದೇ ಒಂದು ವೆಲ್ಡಿಂಗು ಕೈಕೊಟ್ಟರೂ ಮುಗೀತು. ನಮ್ಮ ಒಮಾನಿನ ಗೆಳೆಯರ ಕೆಲಸದ ಬೆಲೆ ಇಲ್ಲಿ ಗೊತ್ತಾಗುತ್ತೆ. ಈ ವೆಲ್ಡಿಂಗನ್ನ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಇದಕ್ಕೆ ವಿರೋಧ ಯಾಕೆ? ಅಲ್ಲಿವರೆಗೆ ರಷ್ಯಾದ ಅನಿಲದ ದೊಡ್ಡ ಪಾಲು ಉಕ್ರೇನಿನ ನೆಲದ ಮೂಲಕ ಯುರೋಪಿಗೆ ಹೋಗ್ತಿತ್ತು. ಉಕ್ರೇನಿಗೆ ಅದರಿಂದ ಸಾಗಣೆ ಬಾಡಿಗೆ ಸಿಗ್ತಿತ್ತು. ಬಾಡಿಗೆಗಿಂತ ದೊಡ್ಡದು ಇನ್ನೊಂದಿತ್ತು: ತನ್ನದೇ ವ್ಯಾಪಾರ ಆ ನೆಲದ ಮೇಲೆ ಹಾದು ಹೋಗ್ತಿರೋವರೆಗೆ ರಷ್ಯಾ ಸ್ವಲ್ಪ ಹಿಂದೆಮುಂದೆ ನೋಡುತ್ತೆ ಅನ್ನೋ ಆಸೆ. ಸಮುದ್ರದಡಿ ಬೇರೆ ದಾರಿ ಆದ್ರೆ ಆ ಆಸೆಯೂ ಹೋಗುತ್ತೆ. ಪೋಲೆಂಡು ಮತ್ತು ಬಾಲ್ಟಿಕ್ ದೇಶಗಳು ಇದನ್ನೇ ಕೂಗಿ ಕೂಗಿ ಹೇಳಿದ್ವು. ಜರ್ಮನ್ ಸರಕಾರ, ಇದು ವ್ಯಾಪಾರದ ಯೋಜನೆ, ರಾಜಕೀಯ ಬೆರೆಸಬೇಡಿ ಅಂತಿತ್ತು. ಅಮೆರಿಕದ ಮನಸ್ಸಿನಲ್ಲಿ ಉಕ್ರೇನೂ ಇತ್ತು, ತನ್ನ ದ್ರವೀಕೃತ ಅನಿಲವನ್ನ ಯುರೋಪಿಗೆ ಮಾರೋ ಆಸೆಯೂ ಇತ್ತು. 2019ರ ಮೇ ತಿಂಗಳಲ್ಲಿ ಅಲ್ಲಿನ ಇಂಧನ ಇಲಾಖೆಯ ಪ್ರಕಟಣೆಯೊಂದು ಅದನ್ನ "ಸ್ವಾತಂತ್ರ್ಯದ ಅನಿಲ" ಅಂತಲೇ ಕರೆದಿತ್ತು! ಮೀಥೇನ್ ಅಣುವಿಗೆ ಒಂದು ಇಂಗಾಲ, ನಾಲ್ಕು ಜಲಜನಕ. ಪಾಸ್‌ಪೋರ್ಟ್ ಇಟ್ಕೊಳ್ಳೋಕೆ ಅದರಲ್ಲಿ ಜಾಗ ಇರೋ ಹಾಗೆ ನಮಗಂತೂ ಕಾಣಲ್ಲ.

ಈಗ ನಮ್ಮ ಕ್ಷೇತ್ರದ ಒಂದು ಮಾತು. ನಿಮ್ಮ ಮನೆಯ ಹಿರಿಯರು ಯಾರಾದ್ರೂ ರಾತ್ರಿ ಊಟ ಆದ್ಮೇಲೆ ಕೊಲೆಸ್ಟ್ರಾಲಿಗೆ ಅಂತ ಅಟೋರ್ವಾಸ್ಟಾಟಿನ್ ಮಾತ್ರೆ ತಗೊಳ್ತಿರಬಹುದು. ಜೀವಕೋಶ ಕೊಲೆಸ್ಟ್ರಾಲ್ ತಯಾರಿಸೋಕೆ ಮೂವತ್ತರ ಹತ್ತಿರ ಹಂತಗಳಿವೆ. ಮಾತ್ರೆ ಎಲ್ಲವನ್ನೂ ಮುಟ್ಟೋದಿಲ್ಲ. ಒಂದೇ ಒಂದು ಕಿಣ್ವವನ್ನ ಹಿಡಿಯುತ್ತೆ, ಎಚ್‌ಎಂಜಿ ಕೋಎ ರಿಡಕ್ಟೇಸ್ ಅಂತ ಅದರ ಹೆಸರು. ಯಾಕೆ ಅದೇ? ಇಡೀ ಸಾಲಿನ ವೇಗ ನಿರ್ಧಾರ ಆಗೋದು ಅಲ್ಲಿ. ಮದುವೆ ಊಟದ ಪಂಕ್ತಿಯಲ್ಲಿ ಸಾರು ಬಡಿಸೋನು ಒಬ್ಬನೇ ಇದ್ದರೆ, ಅನ್ನ ಬಡಿಸೋಕೆ ಹತ್ತು ಜನ ಇದ್ದೂ ಪ್ರಯೋಜನ ಇಲ್ಲವಲ್ಲ, ಹಾಗೆ. ಆದ್ರೆ ಕೋಶ ಸುಮ್ಮನೆ ಕೂರಲ್ಲ. ಕಿಣ್ವ ಕಟ್ಟಿಬಿತ್ತು ಅಂತ ಗೊತ್ತಾದ ಕೂಡಲೇ ಅದೇ ಕಿಣ್ವವನ್ನ ಇನ್ನೂ ಹೆಚ್ಚು ತಯಾರಿಸೋಕೆ ಶುರು ಮಾಡುತ್ತೆ. ರಕ್ತದಲ್ಲಿರೋ ಕೊಲೆಸ್ಟ್ರಾಲನ್ನ ಒಳಗೆ ಎಳ್ಕೊಳ್ಳೋ ಬಾಗಿಲುಗಳನ್ನೂ ಹೆಚ್ಚಿಸಿಕೊಳ್ಳುತ್ತೆ. ಮಾತ್ರೆ ನಮಗೆ ಒಳ್ಳೇದು ಮಾಡೋದು ಮುಖ್ಯವಾಗಿ ಈ ಎರಡನೇ ಪ್ರತಿಕ್ರಿಯೆಯಿಂದ.

ಪೈಪ್‌ಲೈನಿಗೆ ನಿರ್ಬಂಧ ಹಾಕೋರೂ ಇದೇ ಲೆಕ್ಕ ಮಾಡ್ತಾರೆ. ಎಲ್ಲವನ್ನೂ ತಡೆಯೋಕಾಗಲ್ಲ, ಯಾವ ಹಂತ ವಿರಳ, ಯಾವುದಕ್ಕೆ ಬದಲಿ ಇಲ್ಲ ಅಂತ ಹುಡುಕ್ತಾರೆ. ಎದುರಿನವರೂ ಕೋಶದ ಹಾಗೇ, ಸುಮ್ಮನೆ ಕೂರಲ್ಲ. ರಷ್ಯಾದ ಪೈಪ್‌ಲೈನುಗಳ ವಿಷಯದಲ್ಲಿ ಈ ಆಟ ಮೂರು ಸಲ ನಡೆದಿದೆ.

ಮೊದಲ ಸಲ ಹಿಡಿದದ್ದು ಪೈಪನ್ನೇ. 1962ರಲ್ಲಿ ಸೋವಿಯತ್ ಒಕ್ಕೂಟ ದ್ರುಜ್ಬಾ, ಅಂದ್ರೆ ಗೆಳೆತನ, ಅನ್ನೋ ಹೆಸರಿನ ತೈಲ ಕೊಳವೆ ಹಾಕ್ತಿತ್ತು. ದೊಡ್ಡ ವ್ಯಾಸದ ಉಕ್ಕಿನ ಪೈಪಿಗೆ ಮೂರು ಪಶ್ಚಿಮ ಜರ್ಮನ್ ಕಂಪನಿಗಳ ಜೊತೆ ಒಪ್ಪಂದ ಆಗಿತ್ತು, ಒಟ್ಟು 1,63,000 ಟನ್. ಅಮೆರಿಕದ ಒತ್ತಾಯದಿಂದ ನೇಟೋ ಅಂಥ ಪೈಪು ಕೊಡಬೇಡಿ ಅಂತ ಶಿಫಾರಸು ಮಾಡಿತು, ಜರ್ಮನಿಯ ಚಾನ್ಸಲರ್ ಅಡೆನಾವರ್ ಸರಕಾರ ಆಗಲೇ ಸಹಿಯಾಗಿದ್ದ ಒಪ್ಪಂದವನ್ನ ತಡೀತು. ಬ್ರಿಟನ್ ಆ ಶಿಫಾರಸಿಗೆ ಸೊಪ್ಪು ಹಾಕಲಿಲ್ಲ. ಚೆಲ್ಯಾಬಿನ್ಸ್ಕ್ ಕಾರ್ಖಾನೆಯಲ್ಲಿ ಸೋವಿಯತ್ ಕೆಲಸಗಾರರು ತಾವೇ ದೊಡ್ಡ ಪೈಪು ತಯಾರಿಸಿ, ಮೊದಲ ಪೈಪಿನ ಮೇಲೆ ಅಡೆನಾವರ್ ಹೆಸರು ಹಿಡಿದು ಒಂದು ಬೈಗುಳ ಬರೆದರು ಅಂತ ಅಲ್ಲಿ ಇವತ್ತಿಗೂ ಹೇಳ್ತಾರೆ. ರಷ್ಯನ್ನಿನಲ್ಲಿ 'ತ್ರುಬಾ' ಅಂದ್ರೆ ಪೈಪು. 'ನಿನ್ನ ಕತೆ ಮುಗೀತು' ಅನ್ನೋಕೂ ಅದೇ ಮಾತು. ದ್ರುಜ್ಬಾ 1964ರಲ್ಲಿ ಪೂರ್ತಿಯಾಯಿತು. ನಿರ್ಬಂಧವನ್ನ 1966ರಲ್ಲಿ ತೆಗೆದರು.

ಎರಡನೇ ಸಲ ಹಿಡಿದದ್ದು ಟರ್ಬೈನು. ಸೈಬೀರಿಯಾದ ಉರೆಂಗೋಯ್‌ನಿಂದ ಪಶ್ಚಿಮ ಯುರೋಪಿಗೆ ಅನಿಲ ತರೋ ಕೊಳವೆ ಅದು. 1981ರ ಡಿಸೆಂಬರಿನಲ್ಲಿ ಪೋಲೆಂಡಿನಲ್ಲಿ ಸೇನಾ ಕಾಯ್ದೆ ಬಂತು. ಅದಕ್ಕೆ ಪ್ರತಿಯಾಗಿ ರೇಗನ್ ಸರಕಾರ ತೈಲ ಮತ್ತು ಅನಿಲದ ಸಲಕರಣೆ ರಫ್ತನ್ನ ತಡೆದು, 1982ರ ಜೂನಿನಲ್ಲಿ ಆ ತಡೆಯನ್ನ ಅಮೆರಿಕದ ಕಂಪನಿಗಳ ವಿದೇಶಿ ಶಾಖೆಗಳಿಗೂ, ಅಮೆರಿಕದ ವಿನ್ಯಾಸವನ್ನ ಪರವಾನಗಿಯ ಮೇಲೆ ಬಳಸೋ ಯುರೋಪಿಯನ್ ಕಂಪನಿಗಳಿಗೂ ಹಬ್ಬಿಸಿತು. ಅನಿಲವನ್ನ ಮುಂದಕ್ಕೆ ನೂಕೋ ಕಂಪ್ರೆಸರ್ ಟರ್ಬೈನುಗಳು ಜನರಲ್ ಎಲೆಕ್ಟ್ರಿಕ್ ವಿನ್ಯಾಸದವು. ಬ್ರಿಟನ್ನಿನ ಜಾನ್ ಬ್ರೌನ್, ಇಟಲಿಯ ನುವೊವೊ ಪಿನ್ಯೋನೆ, ಜರ್ಮನಿಯ ಎಇಜಿ ಇವನ್ನ ತಯಾರಿಸ್ತಿದ್ವು. ಯುರೋಪು ಸಿಡಿದೆದ್ದಿತು. ರೇಗನ್ನಿನ ಆಪ್ತೆ ಅಂತಲೇ ಹೆಸರಾದ ಥ್ಯಾಚರ್ ಕೂಡ ಬಗ್ಗಲಿಲ್ಲ. ಫ್ರಾನ್ಸ್ ಸರಕಾರ ಅಮೆರಿಕದ ಕಂಪನಿಯೊಂದರ ಫ್ರೆಂಚ್ ಶಾಖೆಗೆ ಕಂಪ್ರೆಸರ್‌ಗಳನ್ನ ಹಡಗಿಗೆ ಹಾಕಿ ಕಳಿಸಿ ಅಂತ ಆದೇಶವನ್ನೇ ಹೊರಡಿಸಿತು. ನವೆಂಬರಿನಲ್ಲಿ ರೇಗನ್ ನಿರ್ಬಂಧ ವಾಪಸ್ ತಗೊಂಡರು. 1984ರ ಹೊತ್ತಿಗೆ ಸೈಬೀರಿಯಾದ ಅನಿಲ ಫ್ರಾನ್ಸಿಗೆ ಬರ್ತಿತ್ತು.

ಇನ್ನು ಮೂರನೇ ಸಲ. ಈ ಸಲ ನಿರ್ಬಂಧ ಬರೆದವರು ಹಳೇ ಪಾಠ ಕಲಿತಿದ್ದರು ಅಂತ ನಮ್ಮ ಅನಿಸಿಕೆ. ಪೈಪು ರಷ್ಯಾದಲ್ಲೇ ಸಿಗುತ್ತೆ, ಟರ್ಬೈನಿಗೂ ದಾರಿ ಇದೆ. ಆಳ ಸಮುದ್ರದಲ್ಲಿ ಇಷ್ಟು ದೊಡ್ಡ ಪೈಪನ್ನ ವೇಗವಾಗಿ ಹಾಕೋ ಹಡಗುಗಳು ಮಾತ್ರ ಇಡೀ ಜಗತ್ತಿನಲ್ಲಿ ಬೆರಳೆಣಿಕೆಯಷ್ಟೇ. ಆಲ್‌ಸೀಸ್ ಅನ್ನೋ ಸ್ವಿಸ್-ಡಚ್ ಕಂಪನಿಯ ಪಯೊನೀರಿಂಗ್ ಸ್ಪಿರಿಟ್ ಅಂಥದ್ದು: 382 ಮೀಟರ್ ಉದ್ದ, 124 ಮೀಟರ್ ಅಗಲ. ಹಡಗಿನ ಮೇಲೇ ಪೈಪಿಗೆ ಪೈಪು ವೆಲ್ಡ್ ಮಾಡಿ, ಅಲ್ಟ್ರಾಸೌಂಡಿನಿಂದ ಪರೀಕ್ಷಿಸಿ, ಹಿಂದಿನಿಂದ ನೂಲು ಬಿಟ್ಟ ಹಾಗೆ ಸಮುದ್ರಕ್ಕೆ ಇಳಿಸ್ತಾ ಹೋಗುತ್ತೆ, ದಿನಕ್ಕೆ ಮೂರು ಕಿಲೋಮೀಟರ್‌ವರೆಗೆ. ಲಂಗರು ಹಾಕಲ್ಲ, ಕಂಪ್ಯೂಟರು ಹೇಳಿದ ಹಾಗೆ ತಿರುಗೋ ಪ್ರೊಪೆಲ್ಲರುಗಳು ಅದನ್ನ ಇದ್ದಲ್ಲೇ ನಿಲ್ಲಿಸ್ತವೆ. ಇದೇ ಸಾರು ಬಡಿಸೋನು.

2019ರ ಡಿಸೆಂಬರ್ 20ರಂದು ಟ್ರಂಪ್ ಸಹಿ ಹಾಕಿದ ರಕ್ಷಣಾ ಬಜೆಟ್ಟಿನ ಕಾನೂನಿನೊಳಗೆ ಒಂದು ಭಾಗ ಇತ್ತು. ಚಿಕ್ಕದಾಗಿ ಪೀಸಾ ಅಂತ ಅದರ ಹೆಸರು. ಅದರಲ್ಲಿ ಒಂದು ಸಂಖ್ಯೆ ನಮಗೆ ಬಹಳ ಇಷ್ಟ. ಸಮುದ್ರ ಮಟ್ಟದಿಂದ 100 ಅಡಿ ಅಥವಾ ಅದಕ್ಕಿಂತ ಆಳದಲ್ಲಿ ಈ ಪೈಪು ಹಾಕೋ ಹಡಗುಗಳಿಗೆ ನಿರ್ಬಂಧ, ಅಂದ್ರೆ ಸುಮಾರು 30 ಮೀಟರ್. ಹಡಗು ಒದಗಿಸಿದವರ ಅಮೆರಿಕನ್ ವೀಸಾ ರದ್ದು, ಅಮೆರಿಕದ ವ್ಯಾಪ್ತಿಯಲ್ಲಿರೋ ಅವರ ಆಸ್ತಿ ಮತ್ತು ಹಣ ಜಪ್ತಿ. ಸಹಿಗೆ ಎರಡು ದಿನ ಮುಂಚೆಯೇ ಟೆಡ್ ಕ್ರೂಜ್ ಮತ್ತು ರಾನ್ ಜಾನ್ಸನ್ ಅನ್ನೋ ಇಬ್ಬರು ಸೆನೆಟರುಗಳು ಆಲ್‌ಸೀಸ್ ಮುಖ್ಯಸ್ಥರಿಗೆ ಪತ್ರ ಬರೆದು, ಸಹಿ ಆದ್ಮೇಲೆ ಒಂದು ದಿನ ಕೆಲಸ ಮಾಡಿದ್ರೂ ಕಂಪನಿಯೇ ಉಳಿಯಲ್ಲ ಅನ್ನೋ ಅರ್ಥದ ಎಚ್ಚರಿಕೆ ಕೊಟ್ಟಿದ್ದರು. ಡಿಸೆಂಬರ್ 21ಕ್ಕೆ ಆಲ್‌ಸೀಸ್ ಕೆಲಸ ನಿಲ್ಲಿಸಿತು. ಎರಡೂ ಸಾಲು ಸೇರಿ 2,460 ಕಿಲೋಮೀಟರಿನಲ್ಲಿ ಬಾಕಿ ಇದ್ದದ್ದು ಸುಮಾರು 160. ದಿನಕ್ಕೆ ಮೂರರ ಲೆಕ್ಕದಲ್ಲಿ ಎರಡು ತಿಂಗಳ ಕೆಲಸವೂ ಅಲ್ಲ.

ಅಮೆರಿಕ ಎಲ್ಲಿಂದ ಬಂತು ಅನ್ನೋ ಪ್ರಶ್ನೆಗೆ ಉತ್ತರ ಇಲ್ಲಿದೆ. ಆಲ್‌ಸೀಸ್‌ಗೆ ಬಾಲ್ಟಿಕ್ಕಿನಲ್ಲಿ ಅಮೆರಿಕದ ಅನುಮತಿ ಬೇಕಿರಲಿಲ್ಲ. ಅದರ ಬೇರೆ ಗಿರಾಕಿಗಳು, ಬ್ಯಾಂಕು, ಡಾಲರಿನ ಲೆಕ್ಕಾಚಾರ, ವಿಮೆ ಮಾತ್ರ ಅಮೆರಿಕವನ್ನ ದಾಟಿ ಹೋಗೋಕೆ ಆಗ್ತಿರಲಿಲ್ಲ. ಒಂದು ಪೈಪ್‌ಲೈನಿಗೋಸ್ಕರ ಇಡೀ ವ್ಯವಹಾರ ಯಾರು ಕಳ್ಕೊಳ್ತಾರೆ? ನಮ್ಮ ಕರಾವಳಿಯವರಿಗೆ ಇದು ಹೊಸದಲ್ಲ. 2013ರಲ್ಲಿ ಮಂಗಳೂರಿನ ಎಂಆರ್‌ಪಿಎಲ್ ಕೆಲವು ತಿಂಗಳು ಇರಾನಿನ ಕಚ್ಚಾತೈಲ ತರಿಸೋದನ್ನೇ ನಿಲ್ಲಿಸಿತ್ತು. ತೈಲ ಇತ್ತು, ಕೊಳ್ಳೋಕೆ ಮನಸ್ಸೂ ಇತ್ತು. ಇರಾನಿನ ತೈಲ ಸಂಸ್ಕರಿಸೋ ಘಟಕಕ್ಕೆ ವಿಮೆ ಸಿಗೋದು ಕಷ್ಟವಾಗಿತ್ತು. ಪಣಂಬೂರಿನಲ್ಲಿ ಯಾರೂ ಬಂದು ಗೇಟಿಗೆ ಬೀಗ ಹಾಕಲಿಲ್ಲ.

ಜರ್ಮನಿಗೆ ಸಿಟ್ಟು ಬಂತು. ಆಗ ಹಣಕಾಸು ಸಚಿವರಾಗಿದ್ದ ಓಲಾಫ್ ಶೋಲ್ಜ್, ಇದು ನಮ್ಮ ಮತ್ತು ಯುರೋಪಿನ ಒಳ ವಿಷಯದಲ್ಲಿ ಗಂಭೀರ ಹಸ್ತಕ್ಷೇಪ ಅಂದರು. ಈ ಹೆಸರನ್ನೂ ನೆನಪಿಟ್ಟುಕೊಳ್ಳಿ.

ಇನ್ನು ಎದುರಿನವರ ಪ್ರತಿಕ್ರಿಯೆ. ಕತೆಯಲ್ಲಿ ನಮಗೆ ಅತ್ಯಂತ ರುಚಿಯಾದ ಭಾಗ ಇದು. ಗಾಜ್‌ಪ್ರಾಮ್ ಹತ್ತಿರ ಅಕಾಡೆಮಿಕ್ ಚೆರ್ಸ್ಕಿ ಅನ್ನೋ ಪೈಪು ಹಾಕೋ ಹಡಗು ಇತ್ತು, ಆದ್ರೆ ಇದ್ದದ್ದು ಪೆಸಿಫಿಕ್ ದಡದ ನಖೋದ್ಕಾದಲ್ಲಿ. 2020ರ ಫೆಬ್ರವರಿಯಲ್ಲಿ ಹೊರಟು, ಹಿಂದೂ ಮಹಾಸಾಗರ ದಾಟಿ, ಆಫ್ರಿಕಾವನ್ನ ಸುತ್ತಿ, ಮೇ ತಿಂಗಳಿಗೆ ಜರ್ಮನಿಯ ರೂಗೆನ್ ದ್ವೀಪದ ಮುಕ್ರಾನ್ ಬಂದರಿಗೆ ಬಂತು. ಪೈಪುಗಳ ರಾಶಿ ಇದ್ದದ್ದು ಅಲ್ಲೇ. ಇನ್ನೊಂದು ಫೋರ್ಟುನಾ, ಲಂಗರುಗಳನ್ನ ಎಳೆದೆಳೆದು ಮುಂದೆ ಸಾಗೋ ಹಳೇ ಕಾಲದ ಬಾರ್ಜು.

ಆದ್ರೆ ಲಂಗರಿಗೆ ಸಮುದ್ರದ ತಳವೇ ಅಡ್ಡಿ. ಬೋರ್ನ್‌ಹೋಮ್ ದ್ವೀಪದ ಪೂರ್ವಕ್ಕಿರೋ ಆಳದಲ್ಲಿ ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ರಾಸಾಯನಿಕ ಶಸ್ತ್ರಗಳನ್ನ ತಂದು ಸುರಿದಿದ್ದಾರೆ. ಸಾಸಿವೆ ಅನಿಲ, ಆರ್ಸೆನಿಕ್ ಇರೋ ವಿಷಗಳು, ಲೆಕ್ಕ ಹೇಳೋದಾದ್ರೆ ಸುಮಾರು 11,000 ಟನ್ ವಿಷ. ಅಲ್ಲಿ ಲಂಗರು ಎಳೆಯೋದು ಅಂದ್ರೆ ಹುತ್ತಕ್ಕೆ ಕೈ ಹಾಕಿದ ಹಾಗೆ. ಡೆನ್ಮಾರ್ಕ್ 2019ರಲ್ಲಿ ಕೊಟ್ಟ ಅನುಮತಿ ಲಂಗರು ಬೇಡದ ಹಡಗಿಗೆ ಮಾತ್ರ ಇತ್ತು. 2020ರ ಜುಲೈಯಲ್ಲಿ, ದಾರಿ ಆ ಅಪಾಯದ ಜಾಗದಿಂದ ಹೊರಗಿದೆ ಅಂತ ಲೆಕ್ಕ ಹಾಕಿ ಲಂಗರಿನ ಹಡಗಿಗೂ ಒಪ್ಪಿಗೆ ಕೊಟ್ಟರು. ಡಿಸೆಂಬರಿನಲ್ಲಿ ಫೋರ್ಟುನಾ ಜರ್ಮನ್ ದಡದ ಹತ್ತಿರ 2.6 ಕಿಲೋಮೀಟರ್ ಹಾಕಿ ಮುಗಿಸಿತು. ಅಲ್ಲಿನ ಆಳ 30 ಮೀಟರಿಗಿಂತ ಕಡಿಮೆ. 100 ಅಡಿ ಅಂತ ಬರೆದಿದ್ದರಲ್ಲ? ಆ ಸಂದಿಯಲ್ಲೇ ನುಸುಳಿದ್ದು.

ಅಮೆರಿಕ ಬಲೆಯನ್ನ ಇನ್ನೂ ಬಿಗಿ ಮಾಡಿತು. 2021ರ ಜನವರಿ 1ರಂದು, ಟ್ರಂಪ್ ವೀಟೋವನ್ನೂ ಮೀರಿ ಅಲ್ಲಿನ ಸಂಸತ್ತು ಎರಡನೇ ಕಾನೂನು ತಂದಿತು. ಈ ಸಲ ವಿಮೆ, ಹಡಗುಗಳಿಗೆ ವೆಲ್ಡಿಂಗ್ ಸಲಕರಣೆ ಅಳವಡಿಸೋದು, ಪರೀಕ್ಷೆ, ತಪಾಸಣೆ, ಪ್ರಮಾಣಪತ್ರ ಎಲ್ಲವೂ ಸೇರಿದ್ವು. ಒಮಾನಿನ ಗೆಳೆಯರೇ, ನೀವು ಓದಿದ ಸುದ್ದಿ ಇದು. ಪೈಪ್‌ಲೈನಿಗೆ ಸುರಕ್ಷತಾ ಪ್ರಮಾಣಪತ್ರ ಕೊಡಬೇಕಿದ್ದ ನಾರ್ವೆಯ ಡಿಎನ್‌ವಿ ಜಿಎಲ್ ಸಂಸ್ಥೆ ಆ ಕಾನೂನು ಬಂದ ಕೂಡಲೇ ಕೈತೊಳ್ಕೊಂಡಿತು. ಜ್ಯೂರಿಕ್ ವಿಮಾ ಕಂಪನಿಯೂ ಹಿಂದೆ ಸರೀತು.

ಅದಕ್ಕೆ ಜರ್ಮನಿಯ ಮೆಕ್ಲೆನ್‌ಬರ್ಗ್-ಫೋರ್‌ಪೊಮರ್ನ್ ರಾಜ್ಯ ಹೂಡಿದ ಉಪಾಯ ಕೇಳಿದ್ರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ರಾಜ್ಯ ಸರಕಾರ ಹವಾಮಾನ ಮತ್ತು ಪರಿಸರ ರಕ್ಷಣೆಗೆ ಅಂತ ಒಂದು ಪ್ರತಿಷ್ಠಾನ ಕಟ್ಟಿತು. ಅದಕ್ಕೆ ರಾಜ್ಯದ ಹಣ ಎರಡು ಲಕ್ಷ ಯೂರೋ, ನಾರ್ಡ್ ಸ್ಟ್ರೀಮ್ 2 ಕಂಪನಿಯ ಹಣ ಎರಡು ಕೋಟಿ ಯೂರೋ. ಪೈಪ್‌ಲೈನಿಗೆ ಬೇಕಾದ ಸಾಮಾನನ್ನ ಆ ಪ್ರತಿಷ್ಠಾನ ಕೊಂಡು ಇಟ್ಕೊಳ್ಳೋದು, ಸರಕಾರಿ ಸಂಸ್ಥೆ ಆದ್ದರಿಂದ ಅಮೆರಿಕ ಮುಟ್ಟಲ್ಲ ಅನ್ನೋದು ಲೆಕ್ಕ. ಹವಾಮಾನ ರಕ್ಷಣೆಯ ಹೆಸರಿನಲ್ಲಿ ಅನಿಲದ ಪೈಪು! ನಾವು ನಮ್ಮ ಸಂಶೋಧನೆಗೆ ಅನುದಾನ ಕೇಳೋಕೆ ಮೂವತ್ತು ಪುಟ ಬರೀತೀವಿ, ಇರಲಿ.

ಹೀಗೆ ತೆವಳ್ತಾ ತೆವಳ್ತಾ ಎರಡು ತಿಂಗಳಿನ ಕೆಲಸ 2021ರ ಸೆಪ್ಟೆಂಬರ್ 10ಕ್ಕೆ ಮುಗೀತು. ಅದಕ್ಕೂ ಮುಂಚೆ, ಮೇ ತಿಂಗಳಲ್ಲೇ, ಜರ್ಮನಿಯ ಜೊತೆ ಸಂಬಂಧ ಸರಿಮಾಡ್ಕೊಳ್ಳೋಕೆ ಬೈಡನ್ ಸರಕಾರ ಮುಖ್ಯ ಕಂಪನಿಯ ಮೇಲಿನ ನಿರ್ಬಂಧವನ್ನ ಕೈಬಿಟ್ಟಿತ್ತು. ಅಂದ್ರೆ ನಿರ್ಬಂಧ ಸೋತಿತು, ಪೈಪು ಗೆದ್ದಿತು?

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ. ಪ್ರಯೋಗಶಾಲೆಯಲ್ಲಿ ತಡೆಯೊಂದನ್ನ ಅಳೆಯುವಾಗ 'ಕ್ರಿಯೆ ನಿಂತಿತಾ' ಅಂತಷ್ಟೇ ಕೇಳಲ್ಲ, 'ಎಷ್ಟು ನಿಧಾನ ಆಯ್ತು, ಆ ಹೊತ್ತಿನಲ್ಲಿ ಇನ್ನೇನು ನಡೀತು' ಅಂತಲೂ ಕೇಳ್ತೀವಿ. ಮೂಲ ಯೋಜನೆ ಪ್ರಕಾರ ಕಾಮಗಾರಿ 2019ರ ಕೊನೆಗೆ ಮುಗೀಬೇಕಿತ್ತು. ಉಕ್ರೇನಿನ ಜೊತೆ ರಷ್ಯಾದ ಹಳೇ ಸಾಗಣೆ ಒಪ್ಪಂದ ಮುಗಿಯೋದೂ 2019ರ ಡಿಸೆಂಬರ್ 31ಕ್ಕೇ. ಹೊಸ ದಾರಿ ಸಿದ್ಧವಾಗಿದ್ದರೆ ರಷ್ಯಾ ಹಳೇ ದಾರಿಗೆ ಸಹಿ ಹಾಕೋ ಅಗತ್ಯ ಬಹಳ ಕಡಿಮೆ ಇರ್ತಿತ್ತು. ಆದದ್ದು ಏನು? ಹಡಗು ನಿಂತ ಒಂಬತ್ತು ದಿನಕ್ಕೆ, ಡಿಸೆಂಬರ್ 30ರಂದು, ಹೊಸ ಐದು ವರ್ಷದ ಒಪ್ಪಂದ ಆಯ್ತು: 2020ಕ್ಕೆ 6,500 ಕೋಟಿ ಘನ ಮೀಟರ್, ಆಮೇಲೆ ವರ್ಷಕ್ಕೆ 4,000 ಕೋಟಿ. ಇದೆಲ್ಲ ಅಮೆರಿಕದ ಕಾನೂನಿನಿಂದಲೇ ಆಯ್ತು ಅಂತ ನಾವು ಹೇಳಲ್ಲ. ಡೆನ್ಮಾರ್ಕ್ ಎರಡೂವರೆ ವರ್ಷ ಅರ್ಜಿಯನ್ನ ಹಿಡಿದಿಟ್ಕೊಂಡು, 2019ರ ಅಕ್ಟೋಬರ್ 30ಕ್ಕೆ ಅನುಮತಿ ಕೊಡದೇ ಇದ್ದಿದ್ದರೆ ಆಲ್‌ಸೀಸ್ ಯಾವಾಗಲೋ ಮುಗಿಸಿ ಹೋಗಿರ್ತಿತ್ತು. ಸದ್ದಿಲ್ಲದ ಆ ಕಡತ ಇಲ್ಲದೇ ಗದ್ದಲದ ಈ ಕಾನೂನಿಗೆ ಹಿಡಿಯೋಕೆ ಹಡಗೇ ಇರ್ತಿರಲಿಲ್ಲ. ಸುದ್ದಿಯಲ್ಲಿ ಇದನ್ನ ಯಾರೂ ಹೆಚ್ಚು ಹೇಳಲ್ಲ.

ಪೈಪು ಮುಗಿದಾಗ ಇನ್ನೊಂದು ಬಾಗಿಲು ಬಾಕಿ ಇತ್ತು. ಯುರೋಪಿನ ಕಾನೂನಿನಂತೆ ಅನಿಲ ಮಾರೋನೂ ಕೊಳವೆ ನಡೆಸೋನೂ ಒಬ್ಬನೇ ಇರಬಾರದು. ಕೊಳವೆ ನಡೆಸೋ ಕಂಪನಿ ಜರ್ಮನ್ ಕಾನೂನಿನಡಿ ರೂಪಿತವಾಗಿರಬೇಕು ಅಂತ ಹೇಳಿ ಜರ್ಮನ್ ನಿಯಂತ್ರಕರು 2021ರ ನವೆಂಬರ್ 16ಕ್ಕೆ ಪ್ರಮಾಣೀಕರಣವನ್ನ ತಾತ್ಕಾಲಿಕವಾಗಿ ತಡೆದರು. ಅದು ಹಾಗೇ ತಡೆದಿದ್ದಾಗ 2022ರ ಫೆಬ್ರವರಿ ಬಂತು. ಫೆಬ್ರವರಿ 22ರಂದು ಪ್ರಮಾಣೀಕರಣವನ್ನ ನಿಲ್ಲಿಸಿದ್ದು ಚಾನ್ಸಲರ್ ಓಲಾಫ್ ಶೋಲ್ಜ್. ಹೌದು, ಅವರೇ. ಮರುದಿನ ಬೈಡನ್ ನಿರ್ಬಂಧವನ್ನ ಮತ್ತೆ ಹಾಕಿದ್ರು. ಅದರ ಮರುದಿನ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿತು.

ಪೈಪ್‌ಲೈನನ್ನ ಮುಚ್ಚಿದ್ದು ಬರ್ಲಿನ್ನಿನ ಒಂದು ಸಹಿ. ಆ ಸಹಿ ಬೀಳೋ ಹೊತ್ತಿಗೆ ಅನಿಲ ಹರಿಯೋಕೆ ಇನ್ನೂ ಶುರುವಾಗಿರಲಿಲ್ಲ ಅನ್ನೋದಕ್ಕೆ ಕಾರಣ ಆ ಎರಡು ವರ್ಷದ ತೆವಳಾಟ. ನಿರ್ಬಂಧ ಕೊಂಡುಕೊಟ್ಟದ್ದು ಕಾಲವನ್ನ ಅಂತ ನಾವು ಓದ್ತೀವಿ. ಆ ಕಾಲದಲ್ಲಿ ಜರ್ಮನಿ ಮಾಡಿದ್ದೇನು ಅಂತ ಕೇಳಿದ್ರೆ ಉತ್ತರ ಖುಷಿ ಕೊಡಲ್ಲ. 2021ರಲ್ಲೂ ಆಮದು ಅನಿಲದ ಅರ್ಧಕ್ಕಿಂತ ಹೆಚ್ಚು ರಷ್ಯಾದ್ದೇ. ಹಡಗಿನಲ್ಲಿ ಬರೋ ದ್ರವೀಕೃತ ಅನಿಲ ಇಳಿಸ್ಕೊಳ್ಳೋಕೆ ಸ್ವಂತದ ಒಂದು ಟರ್ಮಿನಲ್ಲೂ ಇರಲಿಲ್ಲ. ಮೊದಲನೆಯದು ವಿಲ್‌ಹೆಲ್ಮ್ಸ್‌ಹಾಫೆನ್ನಿನಲ್ಲಿ ಶುರುವಾದದ್ದು 2022ರ ಡಿಸೆಂಬರಿನಲ್ಲಿ, ಯುದ್ಧ ಶುರುವಾಗಿ ಹತ್ತು ತಿಂಗಳಾದ ಮೇಲೆ. ಉಕ್ರೇನಿನ ದಾರಿಯಲ್ಲಿ ಅನಿಲ ಹರೀತಿದ್ದದ್ದೂ ದಾಳಿಯನ್ನ ತಡೆಯಲಿಲ್ಲ.

ಇನ್ನೊಂದು ವಿಚಿತ್ರ. 2022ರ ಜೂನಿನಲ್ಲಿ ನಾರ್ಡ್ ಸ್ಟ್ರೀಮ್ 1ರ ಒಂದು ಸೀಮೆನ್ಸ್ ಟರ್ಬೈನು ದುರಸ್ತಿಗೆ ಅಂತ ಕೆನಡಾದ ಮಾಂಟ್ರಿಯಲ್‌ಗೆ ಹೋಗಿದ್ದು, ಕೆನಡಾದ ನಿರ್ಬಂಧದಿಂದ ಅಲ್ಲೇ ಸಿಕ್ಕಿಕೊಂಡಿತು. ಗಾಜ್‌ಪ್ರಾಮ್ ಅದನ್ನೇ ಕಾರಣ ಹೇಳಿ ಅನಿಲ ಕಡಿಮೆ ಮಾಡಿತು. ಕೆನಡಾ ವಿನಾಯಿತಿ ಕೊಟ್ಟು, ಟರ್ಬೈನು ಜರ್ಮನಿಗೆ ಬಂದು ಕೂತು, ಶೋಲ್ಜ್ ಅದರ ಪಕ್ಕ ನಿಂತು ಫೋಟೋ ತೆಗೆಸ್ಕೊಂಡ್ರೂ ಗಾಜ್‌ಪ್ರಾಮ್ ಅದನ್ನ ಒಯ್ಯಲಿಲ್ಲ. 1982ರಲ್ಲಿ ಟರ್ಬೈನು ತಡೆಯೋನ ಅಸ್ತ್ರವಾಗಿತ್ತು. ನಲವತ್ತು ವರ್ಷದ ಮೇಲೆ ಅದೇ ಟರ್ಬೈನು ಅನಿಲ ಕೊಡಲ್ಲ ಅನ್ನೋನ ಕೈಯಲ್ಲಿ ನೆಪವಾಯ್ತು. ಆಗಸ್ಟ್ ಕೊನೆಗೆ ನಾರ್ಡ್ ಸ್ಟ್ರೀಮ್ 1 ಪೂರ್ತಿ ನಿಂತಿತು. ನಮ್ಮ 19 ಡಿಗ್ರಿ ಬಂದದ್ದು ಆ ದಾರಿಯಿಂದ.

ಸೆಪ್ಟೆಂಬರ್ 26ರಂದು ಬೋರ್ನ್‌ಹೋಮ್ ಹತ್ತಿರ ಸ್ಫೋಟಗಳಾದ್ವು. ನಾಲ್ಕರಲ್ಲಿ ಮೂರು ಸಾಲು ಹರಿದುಹೋದವು. ಯಾರು ಮಾಡಿದ್ದು ಅನ್ನೋದು ಪೊಲೀಸರ ಮತ್ತು ಕೋರ್ಟಿನ ಕೆಲಸ. ನಮಗೆ ಕಾಡಿದ್ದು ನೀರು. ಮಾರಾಟಕ್ಕೆ ಒಂದು ಘನ ಮೀಟರನ್ನೂ ಸಾಗಿಸದ ನಾರ್ಡ್ ಸ್ಟ್ರೀಮ್ 2 ಕೂಡ ಪರೀಕ್ಷೆಗೆ ಅಂತ ಅನಿಲ ತುಂಬಿಕೊಂಡು ಕೂತಿತ್ತು. ಒಟ್ಟು ಸುಮಾರು 4,65,000 ಟನ್ ಮೀಥೇನ್ ಹೊರಬಂತು ಅಂತ 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಲೆಕ್ಕ ಹಾಕಿದೆ. ಇಪ್ಪತ್ತು ವರ್ಷದ ಅವಧಿಗೆ ನೋಡಿದ್ರೆ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಎಂಬತ್ತು ಪಟ್ಟು ಹೆಚ್ಚು ಬಿಸಿ ಹಿಡಿಯುತ್ತೆ. ಹಾಗಿದ್ರೂ ಇದು ಆ ವರ್ಷ ಮನುಷ್ಯರು ಬಿಟ್ಟ ಒಟ್ಟು ಮೀಥೇನಿನ ಶೇಕಡಾ 0.1 ಮಾತ್ರ. ಅಂದ್ರೆ ದಿನನಿತ್ಯ ನಾವು ಸೋರಿಸೋದು ಎಷ್ಟು ಅಂತ ಯೋಚನೆ ಮಾಡಿ.

ಇನ್ನೊಂದು ಅಧ್ಯಯನ 2023ರಲ್ಲಿ ಬಂತು. ಸ್ಫೋಟದಿಂದ ಎದ್ದದ್ದು ಎರಡೂವರೆ ಲಕ್ಷ ಟನ್ ಕಲುಷಿತ ಕೆಸರು, ವಾರಕ್ಕೂ ಹೆಚ್ಚು ಕಾಲ ನೀರಿನಲ್ಲಿ ತೇಲಿತು ಅಂತ ಅದರ ಅಂದಾಜು. ಅದು ಎದ್ದ ಜಾಗ ಯಾವುದು ನೋಡಿ. ಬಾಲ್ಟಿಕ್ಕಿನ ಮೇಲ್ನೀರು ಬಹಳ ಸಪ್ಪೆ. ಕಾಡ್ ಮೀನಿನ ಮೊಟ್ಟೆ ಅದರಲ್ಲಿ ತೇಲಲ್ಲ, ಮುಳುಗುತ್ತೆ. ಮುಳುಗಿದ್ರೆ ತಳದಲ್ಲಿ ಆಮ್ಲಜನಕ ಇಲ್ಲ, ಸಾಯುತ್ತೆ. ಮೊಟ್ಟೆ ನಡುನೀರಿನಲ್ಲಿ ನಿಲ್ಲೋವಷ್ಟು ಉಪ್ಪು ಮತ್ತು ಬದುಕೋವಷ್ಟು ಆಮ್ಲಜನಕ ಎರಡೂ ಸಿಗೋ ಜಾಗ ಅಂತ ಪೂರ್ವ ಬಾಲ್ಟಿಕ್ ಕಾಡ್‌ಗೆ ಉಳಿದಿರೋದು ಮುಖ್ಯವಾಗಿ ಬೋರ್ನ್‌ಹೋಮ್ ಆಳವೇ. ಈ ಮೀನಿನ ಸ್ಥಿತಿ ಎಷ್ಟು ಹದಗೆಟ್ಟಿತ್ತು ಅಂದ್ರೆ 2019ರಿಂದಲೇ ಅದನ್ನ ಗುರಿಯಿಟ್ಟು ಹಿಡಿಯೋದನ್ನ ಯುರೋಪಿಯನ್ ಒಕ್ಕೂಟ ನಿಲ್ಲಿಸಿದೆ. ಒಂದೇ ಆಳದ ಗುಂಡಿಯಲ್ಲಿ ಯುದ್ಧದ ವಿಷ, ಮೀನಿನ ತೊಟ್ಟಿಲು, ಹತ್ತಿರದಲ್ಲೇ ಒಡೆದ ಪೈಪು. ಮೂರು ಸರಕಾರಗಳ ಕಾನೂನು ಪುಸ್ತಕ ತಿರುವಿ ಹಾಕಿದ ಮೇಲೂ ನಮಗೆ ನಿದ್ದೆ ಕೆಡಿಸೋದು ಇದೇ.

ಈಗಿನ ಪರಿಸ್ಥಿತಿ ಹೇಳಿ ಮುಗಿಸ್ತೀವಿ. ನಾರ್ಡ್ ಸ್ಟ್ರೀಮ್ 2ರ ಒಂದು ಸಾಲು ಒಡೆಯದೇ ತಳದಲ್ಲಿ ಉಳಿದಿದೆ. ಅದನ್ನ ಮತ್ತೆ ತೆರೆಯೋ ಮಾತು ಆಗಾಗ ಏಳುತ್ತೆ. 2025ರ ಜುಲೈಯಲ್ಲಿ ಯುರೋಪಿಯನ್ ಒಕ್ಕೂಟ ತನ್ನ 18ನೇ ನಿರ್ಬಂಧ ಕಂತಿನಲ್ಲಿ ನಾರ್ಡ್ ಸ್ಟ್ರೀಮಿನ ಎರಡೂ ಯೋಜನೆಗಳ ಜೊತೆ ವ್ಯವಹಾರ ಮಾಡೋದನ್ನೇ ನಿಷೇಧಿಸಿತು. 2019ರಲ್ಲಿ ಹಸ್ತಕ್ಷೇಪ ಅಂತ ಕೂಗಿದ ಯುರೋಪು ತಾನೇ ಬರೆದ ನಿರ್ಬಂಧ ಅದು. ಇನ್ನು ಮುಕ್ರಾನ್ ಬಂದರು: 2024ರಿಂದ ಅಲ್ಲಿ ದ್ರವೀಕೃತ ಅನಿಲದ ಟರ್ಮಿನಲ್ ಇದೆ. ಅಲ್ಲಿಂದ ಲುಬ್ಮಿನ್‌ಗೆ ಸುಮಾರು 50 ಕಿಲೋಮೀಟರ್ ಸಮುದ್ರದಡಿ ಹೊಸ ಕೊಳವೆ ಹಾಕಿದ್ದಾರೆ. ಅದಕ್ಕೆ ಬಳಸಿದ್ದು ನಾರ್ಡ್ ಸ್ಟ್ರೀಮ್ 2ಕ್ಕೆ ಅಂತ ತಂದು ಬಂದರಿನಲ್ಲೇ ಉಳಿದುಹೋಗಿದ್ದ ಪೈಪುಗಳನ್ನ.

ಒಮಾನಿನ ಗೆಳೆಯರಿಗೆ ಒಂದು ಕೋರಿಕೆ. ಅಲ್ಟ್ರಾಸೌಂಡಿನಲ್ಲಿ ವೆಲ್ಡಿಂಗಿನ ಬಿರುಕು ಕಾಣೋದು ಹೇಗೆ ಅಂತ ನಮಗೆ ಒಂದು ಧ್ವನಿಸಂದೇಶ ಕಳಿಸ್ತೀರಾ? ನಾವು ಅದೇ ಅಲ್ಟ್ರಾಸೌಂಡಿನಲ್ಲಿ ಮೀನಿನ ಮೊಟ್ಟೆಚೀಲ ನೋಡ್ತೀವಿ. ಎರಡನ್ನೂ ಸೇರಿಸಿ ಒಂದು ಸಂಚಿಕೆ ಮಾಡೋಣ. ಅಲ್ಲಿವರೆಗೆ ನಮಸ್ಕಾರ.